ಮಾಸ್ಕ್ ಕಳಚುವ ಜಾಗ: ಸಾಂಕ್ರಾಮಿಕ ಮತ್ತು ಕ್ಯಾಂಪಸ್ ಕುರಿತ ಅಧ್ಯಯನ ಟಿಪ್ಪಣಿ

ಕೋವಿಡ್‌ನಿಂದ ಮುಚ್ಚಿದ್ದ ಕರ್ನಾಟಕದ ಪದವಿ ಕಾಲೇಜುಗಳು 2020ರ ನವೆಂಬರ್ 17ರಂದು ಮತ್ತೆ ತೆರೆದವು. ರಾತ್ರಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಬಂದಿದ್ದ ನಾನು ಬೆಳಗ್ಗೆ ಕಾಲೇಜಿನ ಗೇಟಿನಲ್ಲಿ ಬ್ಯಾಗ್ ಇಳಿಸಿದಾಗ ಕಾವಲುಗಾರರು ಥರ್ಮಲ್ ಗನ್ನನ್ನು ಹಣೆಗೆ ಹಿಡಿದರು. 33.8 ಡಿಗ್ರಿ. ಅದು ನಿಜವಾಗಿದ್ದರೆ ನಾನು ಐಸಿಯುನಲ್ಲಿ ಮಲಗಿರಬೇಕಿತ್ತು. ಅವರು ರಿಜಿಸ್ಟರಿನಲ್ಲಿ ‘ಸಾಮಾನ್ಯ’ ಎಂದು ಬರೆದು ಒಳಗೆ ಬಿಟ್ಟರು. ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡ್, ನೆಲದ ಮೇಲೆ ಹಳದಿ ವೃತ್ತಗಳು, ಬೆಂಚಿಗೊಬ್ಬರು, ಯಾವುದಕ್ಕೂ ಕೊರತೆ ಇರಲಿಲ್ಲ. ವಾರ ಕಳೆಯುವಷ್ಟರಲ್ಲಿ ಮಧ್ಯಾಹ್ನ ಒಂದೂಕಾಲಿಗೆ ನಾವೆಲ್ಲ ಹಾಸ್ಟೆಲ್ ಮೆಸ್‌ನ ಉದ್ದನೆಯ ಮೇಜಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕುಳಿತು, ಮಾಸ್ಕನ್ನು ಗದ್ದಕ್ಕೆ ಇಳಿಸಿ, ಅನ್ನ ಸಾರು ಕಲಸುತ್ತ ಬಾಯಿ ತುಂಬ ಹರಟುತ್ತಿದ್ದೆವು.

ಸಾರ್ವಜನಿಕ ಆರೋಗ್ಯದ ಪರೀಕ್ಷೆಗೆ ಓದುತ್ತಿರುವ ನನಗೆ ಈಗ ಆ ಮೇಜು ಮತ್ತೆ ಮತ್ತೆ ನೆನಪಾಗುತ್ತದೆ. ‘ಸಾಂಕ್ರಾಮಿಕದ ಕಾಲದಲ್ಲಿ ಕಾಲೇಜು ಆವರಣದ ಸುರಕ್ಷತೆ’ ಎಂಬ ಹತ್ತು ಅಂಕದ ಪ್ರಶ್ನೆಗೆ ನಾವೆಲ್ಲ ಮಾಸ್ಕ್, ಅಂತರ, ಕೈತೊಳೆಯುವುದು ಎಂದು ಬರೆದು ಪುಟ ತಿರುಗಿಸುತ್ತೇವೆ. ಅಂಕ ಸಿಕ್ಕೀತು, ವಿಷಯ ಕೈಗೆ ಸಿಗುವುದಿಲ್ಲ. ಪ್ರಕರಣಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದಾಗ ನನಗೆ ಕಂಡದ್ದು ಇಷ್ಟು: ಕ್ಯಾಂಪಸ್ಸಿನಲ್ಲಿ ಸೋಂಕು ಪಾಠದ ವೇಳಾಪಟ್ಟಿಗಿಂತ ಊಟ, ನಿದ್ದೆ, ಗೆಳೆತನದ ವೇಳಾಪಟ್ಟಿಯನ್ನು ನಿಷ್ಠೆಯಿಂದ ಪಾಲಿಸುತ್ತದೆ.

ಪ್ರಕರಣಗಳು

ಚೆನ್ನೈ, 2020ರ ಡಿಸೆಂಬರ್. ಮದ್ರಾಸ್ ಐಐಟಿಯಲ್ಲಿ ಆಗ ತರಗತಿಗಳು ನಡೆಯುತ್ತಿರಲೇ ಇಲ್ಲ ಎನ್ನಬಹುದು. ಸಂಶೋಧನಾ ವಿದ್ಯಾರ್ಥಿಗಳೇ ಹೆಚ್ಚಾಗಿದ್ದ ಒಂದು ಸಣ್ಣ ಗುಂಪು ಹಾಸ್ಟೆಲ್‌ಗಳಲ್ಲಿತ್ತು. ಆದರೂ ತಿಂಗಳ ಮಧ್ಯದ ಹೊತ್ತಿಗೆ ಸೋಂಕಿತರು ನೂರು ದಾಟಿದರು. ಜನ ಕಡಿಮೆ ಎಂದು ಒಂದೇ ಮೆಸ್ ನಡೆಸುತ್ತಿದ್ದರು, ಎಲ್ಲ ಹಾಸ್ಟೆಲ್‌ನವರೂ ಅಲ್ಲಿಗೇ ಬರುತ್ತಿದ್ದರು. ಬೇರೆ ಬೇರೆ ಕಟ್ಟಡಗಳಲ್ಲಿ ಚದುರಿದ್ದವರನ್ನು ದಿನಕ್ಕೆ ಮೂರು ಹೊತ್ತು ಮಾಸ್ಕ್ ಇಲ್ಲದೆ ಒಂದೇ ಸೂರಿನಡಿ ಕೂರಿಸಿದಂತಾಯಿತು. ಆಮೇಲೆ ಊಟದ ಪೊಟ್ಟಣ ಕೋಣೆಗೇ ಹೋಗತೊಡಗಿತು. ಆಡಳಿತದ ದೃಷ್ಟಿಯಲ್ಲಿ ಒಂದೇ ಮೆಸ್ ಎಂದರೆ ಉಳಿತಾಯ, ವೈರಸ್ಸಿಗೆ ಅದು ಜಂಕ್ಷನ್.

ಧಾರವಾಡ, 2021ರ ನವೆಂಬರ್. ಅಲ್ಲಿನ ವೈದ್ಯಕೀಯ ಕಾಲೇಜೊಂದರಲ್ಲಿ 17ರಂದು ಹೊಸ ವಿದ್ಯಾರ್ಥಿಗಳ ಸ್ವಾಗತ ಕಾರ್ಯಕ್ರಮ ನಡೆಯಿತು. ವಾರದ ನಂತರ 66 ಮಂದಿಗೆ ಸೋಂಕು ಎಂಬ ಸುದ್ದಿ ಬಂತು, ಮರುದಿನ 182, ಅದರ ಮರುದಿನ 281, ಕೊನೆಗೆ 300 ದಾಟಿತು. ಹಾಸ್ಟೆಲ್‌ಗಳಿಗೆ ಬೀಗ ಬಿತ್ತು. ಈ ಪ್ರಕರಣವನ್ನು ಎರಡು ಕಾರಣಕ್ಕೆ ಗುರುತು ಹಾಕಿಕೊಳ್ಳಿ. ಒಂದು, ಸೋಂಕಿತರಲ್ಲಿ ಬಹುತೇಕರು ಎರಡೂ ಡೋಸ್ ಲಸಿಕೆ ಪಡೆದಿದ್ದರು, ಹೆಚ್ಚಿನವರಿಗೆ ಲಕ್ಷಣವೇ ಇರಲಿಲ್ಲ ಅಥವಾ ತೀರಾ ಸೌಮ್ಯವಾಗಿತ್ತು. ಅಂದರೆ ಲಸಿಕೆ ಕಾಯಿಲೆಯ ಹಲ್ಲು ಕಿತ್ತಿತ್ತು, ಕಾಲು ಮುರಿದಿರಲಿಲ್ಲ. ಎರಡು, ಮರುದಿನ ಸಂಖ್ಯೆ ಜಿಗಿದದ್ದನ್ನು ಒಂದೇ ದಿನದಲ್ಲಿ ನೂರಕ್ಕೂ ಹೆಚ್ಚು ಜನರಿಗೆ ಹರಡಿತು ಎಂದು ಓದಿಕೊಳ್ಳಬಾರದು. ಸೋಂಕು ಆಗಲೇ ಅಲ್ಲಿ ಬೀಡುಬಿಟ್ಟಿತ್ತು, ಪರೀಕ್ಷೆಯ ಬೆಳಕು ಮೂರು ದಿನ ಒಂದೊಂದೇ ಕೋಣೆಯ ಮೇಲೆ ಬಿತ್ತು. ಪತ್ತೆಯಾದ ದಿನವನ್ನೇ ಸೋಂಕು ತಗುಲಿದ ದಿನ ಎಂದುಕೊಳ್ಳುವ ತಪ್ಪನ್ನು ಉತ್ತರ ಪತ್ರಿಕೆಯಲ್ಲಿ ನಾನೇ ಎರಡು ಸಲ ಮಾಡಿದ್ದೇನೆ.

ಚಾಪೆಲ್ ಹಿಲ್, ಅಮೆರಿಕ, 2020ರ ಆಗಸ್ಟ್. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ 10ರಂದು ತರಗತಿ ಆರಂಭಿಸಿತು. 17ಕ್ಕೆ ಪದವಿ ತರಗತಿಗಳನ್ನು ಆನ್‌ಲೈನ್‌ಗೆ ಒಯ್ಯುವುದಾಗಿ ಘೋಷಿಸಿತು. ಒಂದೇ ವಾರ! ಅಷ್ಟರಲ್ಲಿ ಗುರುತಿಸಿದ್ದ ನಾಲ್ಕು ಸೋಂಕಿನ ಗುಂಪುಗಳಲ್ಲಿ ಮೂರು ವಸತಿ ನಿಲಯಗಳಲ್ಲಿದ್ದವು, ಒಂದು ವಿದ್ಯಾರ್ಥಿಗಳು ಒಟ್ಟಿಗೆ ವಾಸಿಸುವ ಸಂಘದ ಮನೆಯಲ್ಲಿ. ಹಾಸ್ಟೆಲ್ ಸೇರುವಾಗ ಕಡ್ಡಾಯ ಪರೀಕ್ಷೆ ಇರಲಿಲ್ಲ.

ಪರೀಕ್ಷೆಯ ಲೆಕ್ಕ

ಇಲ್ಲಿ ನಿಧಾನವಾಗಿ ಓದಿ, ಪ್ರಶ್ನೆ ಬರುವುದೇ ಇಲ್ಲಿಂದ. ಥರ್ಮಲ್ ಗನ್ ಏಕೆ ಸಾಲದು? ಕೋವಿಡ್‌ನಲ್ಲಿ ಜ್ವರ ಬರುವ ಒಂದೆರಡು ದಿನ ಮೊದಲೇ ಸೋಂಕಿತರು ಇತರರಿಗೆ ಹರಡಬಲ್ಲರು. ಯುವಜನರಲ್ಲಂತೂ ಹಲವರಿಗೆ ಜ್ವರವೇ ಬರುವುದಿಲ್ಲ. ಗೇಟಿನಲ್ಲಿ ಜ್ವರ ಹುಡುಕುವುದೆಂದರೆ ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕಿದ ಹಾಗೆ.

ಪಾಲ್ಟಿಯೆಲ್, ಜೆಂಗ್, ವಲೆನ್ಸ್ಕಿ ಎಂಬ ಮೂವರು ಸಂಶೋಧಕರು 2020ರ ಜುಲೈ ಕೊನೆಯಲ್ಲಿ ಒಂದು ಗಣಿತ ಮಾದರಿ ಪ್ರಕಟಿಸಿದರು. ಇವರಲ್ಲಿ ವಲೆನ್ಸ್ಕಿ ಮುಂದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ನಿರ್ದೇಶಕಿಯಾದರು. 5,000 ವಿದ್ಯಾರ್ಥಿಗಳ ಕಾಲ್ಪನಿಕ ಕಾಲೇಜು, 80 ದಿನಗಳ ಸೆಮಿಸ್ಟರ್, ಆರಂಭದಲ್ಲಿ 10 ಸೋಂಕಿತರು. ಲಕ್ಷಣ ನೋಡಿ ಪರೀಕ್ಷಿಸುವುದಷ್ಟೇ ಯಾವ ಸನ್ನಿವೇಶದಲ್ಲೂ ಸಾಲಲಿಲ್ಲ. ನೂರರಲ್ಲಿ 70 ಸೋಂಕಿತರನ್ನು ಮಾತ್ರ ಹಿಡಿಯುವ ಅಗ್ಗದ ಪರೀಕ್ಷೆಯನ್ನು ಎರಡು ದಿನಕ್ಕೊಮ್ಮೆ ಮಾಡಿದರೆ ಸೆಮಿಸ್ಟರ್ ಮುಗಿಯುವಾಗ ಒಟ್ಟು ಸೋಂಕು 243ರ ಸುಮಾರು. ಅದೇ ಪರೀಕ್ಷೆ ವಾರಕ್ಕೊಮ್ಮೆಯಾದರೆ 1,840. ಪರೀಕ್ಷೆಯ ಸೂಕ್ಷ್ಮತೆಗಿಂತ (ಅದು ಎಷ್ಟು ಸೋಂಕಿತರನ್ನು ಹಿಡಿಯುತ್ತದೆ ಎಂಬುದಕ್ಕಿಂತ) ಅದರ ಆವರ್ತನವೇ ಹೆಚ್ಚು ಮುಖ್ಯ ಎಂಬುದು ಅವರ ತೀರ್ಮಾನ.

ಏಕೆಂದರೆ ನೂರು ಸೋಂಕಿತರಲ್ಲಿ ಒಂದು ಸಲ ತಪ್ಪಿಸಿಕೊಳ್ಳುವವರು 30. ಅದೇ ಜನರನ್ನು ಇನ್ನೊಮ್ಮೆ ಪರೀಕ್ಷಿಸಿದರೆ 30ರಲ್ಲಿ ಶೇ 30, ಅಂದರೆ 9 ಮಂದಿ. ಮೂರನೆಯ ಸಲಕ್ಕೆ ಮೂವರೂ ಉಳಿಯುವುದಿಲ್ಲ. (ಒಬ್ಬರದೇ ಎರಡು ಪರೀಕ್ಷೆಗಳು ಪೂರ್ತಿ ಸ್ವತಂತ್ರವಲ್ಲವಾದ್ದರಿಂದ ನಿಜ ಜೀವನದಲ್ಲಿ ಲೆಕ್ಕ ಇಷ್ಟು ಚೆಂದವಾಗಿ ಕೂರುವುದಿಲ್ಲ.) 72 ಗಂಟೆಯೊಳಗಿನ ನೆಗೆಟಿವ್ ವರದಿಯನ್ನು ಒಮ್ಮೆ ತೋರಿಸಿ ಒಳಗೆ ಬಂದ ನಮ್ಮನ್ನು ಮತ್ತೆ ಯಾರೂ ಕೇಳಲಿಲ್ಲ. ಆ ಕಾಗದ ಹಳೆಯ ಫೋಟೊ, ಅಷ್ಟೇ.

ಇನ್ನೊಂದು ತೊಡಕಿದೆ. ಆರೋಗ್ಯವಂತರಲ್ಲಿ ನೂರಕ್ಕೆ ಇಬ್ಬರಿಗೆ ತಪ್ಪಾಗಿ ಪಾಸಿಟಿವ್ ಬರುತ್ತದೆ ಎನ್ನಿ. ಅದೇ 5,000 ವಿದ್ಯಾರ್ಥಿಗಳ ಕಾಲೇಜಿನಲ್ಲಿ ಹತ್ತು ಸೋಂಕಿತರಲ್ಲಿ 7 ಮಂದಿ ಸಿಕ್ಕಿಬಿದ್ದರೆ ಉಳಿದ 4,990ರಲ್ಲಿ ಸುಮಾರು 100 ಮಂದಿ ವಿನಾಕಾರಣ ಸಿಕ್ಕಿಬೀಳುತ್ತಾರೆ. 107 ಪಾಸಿಟಿವ್‌ಗಳಲ್ಲಿ ನಿಜವಾದವು ಏಳೇ. ಹಾಗಾಗಿ ಅದೇ ದಿನ ಎರಡನೆಯ ಖಚಿತ ಪರೀಕ್ಷೆ ಬೇಕು, ಅದರ ಫಲಿತಾಂಶ ಬರುವವರೆಗೆ ತಂಗಲು ಪ್ರತ್ಯೇಕ ಕೋಣೆಗಳೂ ಬೇಕು.

ಕಾಗದದ ಮೇಲಿನ ಈ ಲೆಕ್ಕವನ್ನು ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ ನಿಜವಾಗಿ ಮಾಡಿ ನೋಡಿತು. ಜೊಲ್ಲಿನ ಮಾದರಿಯನ್ನು 95 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ನೇರವಾಗಿ ಪರೀಕ್ಷಿಸುವ ವಿಧಾನವನ್ನು ಅಲ್ಲಿಯೇ ರೂಪಿಸಿ, 2020ರ ಆಗಸ್ಟ್‌ನಿಂದ ಎಲ್ಲರಿಗೂ ವಾರಕ್ಕೆರಡು ಸಲ ಪರೀಕ್ಷೆ ಕಡ್ಡಾಯ ಮಾಡಿದರು. ವಿದ್ಯಾರ್ಥಿಗಳು ಪಾರ್ಟಿ ಮಾಡುತ್ತಾರೆ ಎಂಬುದನ್ನೂ ಗೋಲ್ಡನ್‌ಫೆಲ್ಡ್, ಮಾಸ್ಲೊವ್ ಎಂಬ ಭೌತವಿಜ್ಞಾನಿಗಳು ತಮ್ಮ ಮಾದರಿಯಲ್ಲಿ ಸೇರಿಸಿದ್ದರು. ಸೋಂಕಿದೆ ಎಂದು ಗೊತ್ತಾದ ಮೇಲೂ ಕೆಲವರು ಪಾರ್ಟಿಗೆ ಹೋಗುತ್ತಾರೆ ಎಂಬುದನ್ನು ಸೇರಿಸಿರಲಿಲ್ಲ. ಎರಡೇ ವಾರದಲ್ಲಿ ಸಂಖ್ಯೆ ಏರಿತು, ಸೆಪ್ಟೆಂಬರ್ ಆರಂಭದಲ್ಲಿ ಓಡಾಟಕ್ಕೆ ನಿರ್ಬಂಧ ಹೇರಬೇಕಾಯಿತು. ಪರೀಕ್ಷೆ ನಡೆಯುತ್ತಲೇ ಇದ್ದುದರಿಂದ ಏರಿದ್ದು ಇಳಿಯಿತು, ಸೆಮಿಸ್ಟರ್ ಉಳಿಯಿತು.

ಚರಂಡಿಯ ನೀರೂ ಸಾಕ್ಷಿ ಹೇಳಬಲ್ಲದು. ಅದೇ ಆಗಸ್ಟ್‌ನಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಒಂದು ವಸತಿ ನಿಲಯದ ತ್ಯಾಜ್ಯನೀರಿನಲ್ಲಿ ವೈರಸ್ಸಿನ ಕುರುಹು ಸಿಕ್ಕಿತು. 311 ಮಂದಿಯನ್ನು ಪರೀಕ್ಷಿಸಿದಾಗ ಲಕ್ಷಣವಿಲ್ಲದ ಇಬ್ಬರು ಸೋಂಕಿತರು ಪತ್ತೆಯಾದರು. ಪ್ರತಿಯೊಬ್ಬರ ಮೂಗಿಗೆ ಕಡ್ಡಿ ಹಾಕುವಷ್ಟು ಹಣವಿಲ್ಲದ ನಮ್ಮ ಕಾಲೇಜುಗಳಿಗೆ ಹೊಂದುವುದು ಇದೇ ಎಂದು ನನ್ನ ಅನಿಸಿಕೆ.

ಗಾಳಿ

ನಾವು ಹೊರಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 40,000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ), ಹೊರಗಿನ ಗಾಳಿಯಲ್ಲಿ 420ರ ಆಸುಪಾಸು. ಕೋಣೆಯ ಮೀಟರ್ 800 ತೋರಿಸಿದರೆ ನೀವು ಎಳೆದುಕೊಳ್ಳುವ ಗಾಳಿಯಲ್ಲಿ ಶೇ 1ರಷ್ಟು ಆಗಲೇ ಯಾರದೋ ಶ್ವಾಸಕೋಶ ಹೊಕ್ಕು ಬಂದದ್ದು. 2,000 ತೋರಿಸಿದರೆ ಶೇ 4. ಹೆಂಚಿನ ಮಾಡು, ಎತ್ತರದ ಗವಾಕ್ಷಿ, ಎದುರುಬದುರು ಕಿಟಕಿಗಳಿರುವ ಹಳೆಯ ಕಾಲೇಜು ಕಟ್ಟಡಗಳು ಈ ವಿಷಯದಲ್ಲಿ ನಮ್ಮ ಪುಣ್ಯ. ಅಪಾಯ ಇರುವುದು ದೊಡ್ಡ ಅತಿಥಿಗಳಿಗೆಂದು ಕಟ್ಟಿಸಿದ, ಕಿಟಕಿಯೇ ತೆರೆಯದ ಎಸಿ ಸೆಮಿನಾರ್ ಹಾಲಿನಲ್ಲಿ. ಎಸಿ ಗಾಳಿಯನ್ನು ತಂಪು ಮಾಡುತ್ತದೆ, ಅದೇ ಗಾಳಿಯನ್ನು ಸುತ್ತಿಸುತ್ತದೆ, ಬಹುಮಟ್ಟಿಗೆ ಬದಲಾಯಿಸುವುದಿಲ್ಲ.

ಹಾಜರಾತಿ

ಯಾವ ಮಾರ್ಗಸೂಚಿಯಲ್ಲೂ ನಾನು ಸರಿಯಾಗಿ ಕಾಣದ ಅಧ್ಯಾಯ ಇದು. ಜ್ವರ ಬಂದಿದೆ ಎಂದು ಹೇಳಿಕೊಂಡರೆ ವಿದ್ಯಾರ್ಥಿ ಏನೇನು ಕಳೆದುಕೊಳ್ಳುತ್ತಾಳೆ? ಹಾಜರಾತಿ, ಆಂತರಿಕ ಅಂಕ, ಲ್ಯಾಬ್. ಮೆಸ್‌ನಲ್ಲಿ ಬಡಿಸುವ ಗುತ್ತಿಗೆ ಕಾರ್ಮಿಕನಾದರೆ ಅಂದಿನ ಕೂಲಿ. ನಮ್ಮ ಹಾಸ್ಟೆಲ್‌ನಲ್ಲಿ ನೆಗೆಟಿವ್ ವರದಿ ಕೇಳಿದ್ದು ವಿದ್ಯಾರ್ಥಿಗಳನ್ನು, ಉಪನ್ಯಾಸಕರನ್ನು. ದಿನಕ್ಕೆ ಇನ್ನೂರು ತಟ್ಟೆಗೆ ಸಾಂಬಾರು ಹಾಕುತ್ತಿದ್ದ ಐವತ್ತು ದಾಟಿದ ಅಣ್ಣನನ್ನು ಯಾರೂ ಕೇಳಿರಲಿಲ್ಲ. ಅವರಿಗೆ ಕಾಯಿಲೆ ಬಂದರೆ ನಮಗಿಂತ ಹೆಚ್ಚು ಅಪಾಯ, ಕೆಮ್ಮುತ್ತ ಮನೆಯಲ್ಲಿ ಕುಳಿತರೆ ಸಂಬಳವಿಲ್ಲ. ಪ್ರಾಮಾಣಿಕತೆಗೆ ದಂಡ ಹಾಕುವ ಕಡೆ ಪರೀಕ್ಷೆ, ಕ್ವಾರಂಟೈನ್, ಆ್ಯಪ್ ಎಲ್ಲವೂ ಸೋರುವ ಕೊಡ.

2022ರ ಜನವರಿ, ಮೂರನೆಯ ಅಲೆ. ನನ್ನ ಕೋಣೆಯ ಗೆಳತಿಗೆ ರಾತ್ರಿ ಮೈ ಸುಟ್ಟು ಹೋಗುತ್ತಿತ್ತು, ಗಂಟಲು ಕಟ್ಟಿತ್ತು. ಬೇಕಾದದ್ದು ಶೇ 75, ಅವಳ ಹಾಜರಾತಿ 73ರಲ್ಲಿತ್ತು. ಬೆಳಗ್ಗೆ ಪ್ಯಾರಾಸಿಟಮಾಲ್ ನುಂಗಿ, ಮುಖಕ್ಕೆ ತಣ್ಣೀರು ಎರಚಿಕೊಂಡು, ಅರ್ಧ ಗಂಟೆ ಕಾದು ಹೊರಟಳು. ಗೇಟಿನಲ್ಲಿ 35.9, ಸಾಮಾನ್ಯ. ಮೂರು ದಿನ ಹೀಗೆಯೇ ಹೋದಳು, ಮೂರೂ ದಿನ ಮಧ್ಯಾಹ್ನ ನಮ್ಮೊಡನೆ ಅದೇ ಉದ್ದನೆಯ ಮೇಜಿನಲ್ಲಿ ಉಂಡಳು. ವಾರದ ಕೊನೆಗೆ ನಮ್ಮ ಕಾರಿಡಾರಿನಲ್ಲಿ ನಾನೂ ಸೇರಿ ಐವರು ಮಲಗಿದ್ದೆವು. ಸೆಮಿಸ್ಟರ್ ಕೊನೆಗೆ ಅವಳ ಹಾಜರಾತಿ ಶೇ 76 ಬಂತು. ನನ್ನದು 74.