ವಾಲಿಯ ಗತ್ತು ಎಲ್ಲಿದೆ? ಶೇಣಿಯವರ ಪಾತ್ರಗಳ ದಾರಿಯಲ್ಲಿ ಒಂದು ಟಿಪ್ಪಣಿ

ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಹೆಸರೆತ್ತಿದರೆ ಕುಂಬಳೆ ಸೀಮೆಯಲ್ಲಿ ಮೊದಲು ಬಾಯಿಗೆ ಬರುವುದು ವಾಲಿ, ರಾವಣ, ಮಾಗಧ (ಜರಾಸಂಧ), ಕೌರವ. ಎಲ್ಲರೂ ಆಳಿದವರು, ಎಲ್ಲರೂ ಸೋಲುವವರು. ಹರಿಕಥೆಯಿಂದ ಯಕ್ಷಗಾನಕ್ಕೆ ಬಂದ ಅವರು ಸುರತ್ಕಲ್ ಮೇಳದಲ್ಲಿ ವೇಷಧಾರಿಯಾಗಿದ್ದರು, ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ಅರ್ಥಧಾರಿಯಾಗಿ, ಅಂದರೆ ಪಾತ್ರದ ಮಾತಾಡುವವರಾಗಿ, ಇನ್ನೂ ದೊಡ್ಡ ಹೆಸರು ಮಾಡಿದರು.

ತಾಳಮದ್ದಳೆಯಲ್ಲಿ ಕಿರೀಟವಿಲ್ಲ, ಬಣ್ಣವಿಲ್ಲ. ಇರುವುದು ಒಂದು ಶಾಲು, ಒಂದು ಗಂಟಲು. ಹಾಗಾಗಿ ಹೊಸಬರು ಮೊದಲ ಪದ್ಯಕ್ಕೇ ಗದರತೊಡಗುತ್ತಾರೆ. ಪಾತ್ರದ ಆರಂಭದ ಮಾತಾದ ಪೀಠಿಕೆಯಲ್ಲೇ ಸ್ವರ ತಾರಕ್ಕೇರಿದರೆ ಸಂವಾದದ ಹೊತ್ತಿಗೆ ಏರಲು ಜಾಗವೇ ಉಳಿಯುವುದಿಲ್ಲ, ಗಂಟಲೂ ಒಡೆಯುತ್ತದೆ. ಹಾಡುವ ಭಾಗವತರು ಪದ್ಯ ಬಿಟ್ಟ ಮೇಲೆ ಒಂದು ಉಸಿರು ನಿಲ್ಲಿ. ಶ್ರುತಿಗಿಂತ ಕೆಳಗೆ, ಸಣ್ಣ ವಾಕ್ಯದಿಂದ ಶುರು ಮಾಡಿ.

ವಾಲಿ ಇದಕ್ಕೆ ಒಳ್ಳೆಯ ಪರೀಕ್ಷೆ. ಎದೆಗೆ ರಾಮನ ಬಾಣ ನಟ್ಟು ಬಿದ್ದಿದ್ದಾನೆ. ಅಬ್ಬರಿಸುವ ಸ್ಥಿತಿಯಲ್ಲೇ ಇಲ್ಲ. ಅವನ ಅಧಿಕಾರ ಪ್ರಶ್ನೆಯಲ್ಲಿದೆ. ವಾಲ್ಮೀಕಿಯ ಕಿಷ್ಕಿಂಧಾಕಾಂಡ 17ನೇ ಸರ್ಗ ಓದಿಕೊಳ್ಳಿ, ಅಲ್ಲಿ ವಾಲಿ ರಾಮನನ್ನು ಕೇಳುತ್ತಾನೆ: ನಿನ್ನ ರಾಜ್ಯದಲ್ಲಿ ನಾನು ಮಾಡಿದ ಅಪರಾಧವೇನು? ಬೇರೊಬ್ಬನೊಡನೆ ಕಾದುತ್ತಿದ್ದವನಿಗೆ ಹೊಡೆದೆಯಲ್ಲ? ಐದು ಉಗುರಿನ ಪ್ರಾಣಿಗಳಲ್ಲಿ ತಿನ್ನಬಹುದಾದವು ಐದೇ, ಅದರಲ್ಲಿ ಕಪಿ ಇಲ್ಲ. ನನ್ನ ಮಾಂಸ ನಿನಗೇಕೆ? ಮೂರನ್ನೂ ಒಟ್ಟಿಗೆ ಸುರಿಯಬೇಡಿ. ಸುರಿದರೆ ರಾಮನ ಅರ್ಥಧಾರಿ ಸುಲಭದ್ದನ್ನು ಹೆಕ್ಕಿ ಉತ್ತರಿಸಿ ಉಳಿದೆರಡನ್ನು ದಾಟಿಬಿಡುತ್ತಾನೆ. ಒಂದೊಂದೇ ಇಟ್ಟು ಉತ್ತರಕ್ಕೆ ಕಾಯಿರಿ. ರಾಮನ ಉತ್ತರವಿರುವ 18ನೇ ಸರ್ಗವನ್ನೂ ಬಿಡಬೇಡಿ: ಭೂಮಿ ಇಕ್ಷ್ವಾಕುಗಳದ್ದು, ಭರತನ ಆಳ್ವಿಕೆ, ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ತಪ್ಪು, ಬೇಟೆಯ ನ್ಯಾಯ. ಎದುರಾಳಿಯ ಮಾತು ಗೊತ್ತಿದ್ದವನಿಗೆ ಗಾಬರಿ ಇರುವುದಿಲ್ಲ, ಗಾಬರಿ ಇಲ್ಲದವನೇ ಅರಸನ ಹಾಗೆ ಕಾಣುವುದು. ಶೇಣಿಯವರ ಹೆಚ್ಚುಗಾರಿಕೆಯೂ ಈ ತರ್ಕದ ಹಿಡಿತವೇ.

ವಾಲಿಯ ಮಗ ಅಂಗದ ರಾಮನ ದೂತನಾಗಿ ಬರುವ ‘ಅಂಗದ ಸಂಧಾನ’ ಪ್ರಸಂಗದ ರಾವಣ ಜಾರುವ ಜಾಗ ಇನ್ನೊಂದು. ತನ್ನ ಅಪ್ಪನ ಕಂಕುಳಲ್ಲಿ ರಾವಣ ಸಿಕ್ಕಿಬಿದ್ದ ಕಥೆಯನ್ನು ಅಂಗದ ತೆಗೆದ ಕೂಡಲೇ ಕಲಿಯುವವರು ಸಿಟ್ಟಾಗಿ ಬೈಯುತ್ತಾರೆ. ಬೈದರೆ ಪೆಟ್ಟು ತಾಗಿತೆಂದು ಒಪ್ಪಿಕೊಂಡ ಹಾಗೆ. ಉತ್ತರಕಾಂಡದಲ್ಲಿ ಆ ಘಟನೆ ಮುಗಿಯುವುದು ವಾಲಿ ರಾವಣರ ಅಗ್ನಿಸಾಕ್ಷಿಯ ಸಖ್ಯದಲ್ಲಿ. ಅದನ್ನು ಹಿಡಿಯಿರಿ: ‘ಮಗೂ, ನಿನ್ನಪ್ಪ ನನ್ನ ಗೆಳೆಯ. ಅವನನ್ನು ಕೊಂದವನ ದೂತನಾಗಿ ಬಂದೆಯಾ?’ ಇಲ್ಲಿ ‘ಮಗೂ’ ಎಂಬುದು ‘ಎಲವೋ’ಗಿಂತ ಹೆಚ್ಚು ಚುಚ್ಚುತ್ತದೆ. ಸಂಬೋಧನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನಡುವೆ ಏಕವಚನ ಬಹುವಚನ ಬೆರೆತರೆ ಪೀಠವೇ ಅಲುಗಾಡುತ್ತದೆ.

ಮತ್ತೆ ವಾಲಿಗೆ ಬಂದರೆ, ಕೊನೆಗೆ ಇಂದ್ರ ಕೊಟ್ಟ ಚಿನ್ನದ ಮಾಲೆಯನ್ನು ಸುಗ್ರೀವನಿಗೆ ಕೊಟ್ಟು ಅಂಗದನನ್ನು ಒಪ್ಪಿಸುತ್ತಾನೆ. ಅಲ್ಲಿಗೂ ಗತ್ತನ್ನು ಎಳೆದು ತರುವವರಿದ್ದಾರೆ. ಮಾಲೆ ಕೈಬಿಡುವಾಗ ವಾಕ್ಯಗಳು ಎರಡು ಮೂರು ಪದಕ್ಕಿಳಿಯಲಿ, ಚೆಂಡೆ ಬೇಡ, ಮದ್ದಳೆ ಸಾಕು.