ಹಸಿರು ಕೋಶ ಎಣಿಸಿ ಡಿಎನ್‌ಎ ರಿಪೇರಿ ಅಳೆಯುವುದು: ಡಿಆರ್-ಜಿಎಫ್‌ಪಿ

ಡಿಎನ್‌ಎಯ ಎರಡೂ ಎಳೆ ಒಂದೇ ಕಡೆ ತುಂಡಾದರೆ ಕೋಶದ ಮುಂದೆ ಮುಖ್ಯವಾಗಿ ಎರಡು ದಾರಿ. ಒಂದು, ತುಂಡಾದ ತುದಿಗಳನ್ನು ನೇರವಾಗಿ ಜೋಡಿಸುವುದು. ಇನ್ನೊಂದು, ಅದೇ ಅನುಕ್ರಮದ ಮತ್ತೊಂದು ಪ್ರತಿ ನೋಡಿ ತಿದ್ದಿಕೊಳ್ಳುವುದು, ಅಂದರೆ ಹೋಮೋಲಾಗಸ್ ರಿಕಾಂಬಿನೇಶನ್. ಕೋಶ ಯಾವ ದಾರಿ ಹಿಡಿಯಿತು ಅಂತ ಸುಮ್ನೆ ನೋಡಿದರೆ ಗೊತ್ತಾಗಲ್ಲ ಅಲ್ವಾ? ಇದಕ್ಕೆ ನ್ಯೂಯಾರ್ಕ್‌ನ ಮರಿಯಾ ಜೇಸಿನ್ ಅವರ ಲ್ಯಾಬ್ 1999ರಲ್ಲಿ ಒಂದು ಚಂದದ ಉಪಾಯ ಕೊಟ್ಟಿತು: ಡಿಆರ್-ಜಿಎಫ್‌ಪಿ.

ಕೋಶದ ಕ್ರೋಮೋಸೋಮ್‌ಗೆ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಜೀನ್‌ನ ಎರಡು ಕೆಟ್ಟ ಪ್ರತಿಗಳನ್ನು ಸೇರಿಸುತ್ತಾರೆ. ಮೊದಲನೆಯದರ ಒಳಗೆ ಐ-ಎಸ್‌ಸಿಇ-ಒನ್ ಕಿಣ್ವ ಕತ್ತರಿಸುವ ಜಾಗ ಇದೆ, ಪ್ರೋಟೀನ್ ತಯಾರಿಯನ್ನು ನಡುವೆಯೇ ನಿಲ್ಲಿಸುವ ಸ್ಟಾಪ್ ಕೋಡಾನ್ ಕೂಡ ಇದೆ. ಎರಡನೆಯದರ ಎರಡೂ ತುದಿ ಇಲ್ಲ, ಆದರೆ ನಡುವಿನ ಅನುಕ್ರಮ ಸರಿಯಾಗಿದೆ. ಎರಡೂ ಹೊಳೆಯುವುದಿಲ್ಲ. ಯೀಸ್ಟ್‌ನ ಮೈಟೋಕಾಂಡ್ರಿಯಾದಿಂದ ಬಂದ ಈ ಕಿಣ್ವ 18 ಅಕ್ಷರಗಳ ಉದ್ದದ ಜಾಗವನ್ನು ಗುರುತಿಸುತ್ತದೆ. ಮನುಷ್ಯರ ಜೀನೋಮ್‌ನಲ್ಲಿ ಆ ಜಾಗ ಇಲ್ಲ, ಹಾಗಾಗಿ ನಾವು ಇಟ್ಟಲ್ಲೇ ತುಂಡಾಗುತ್ತದೆ. ಕೋಶ ಎರಡನೇ ಪ್ರತಿ ನೋಡಿ ತಿದ್ದಿಕೊಂಡರೆ ಮೊದಲ ಜೀನ್ ಸರಿಹೋಗಿ ಹಸಿರು ಹೊಳೆಯುತ್ತದೆ. ಎರಡು ಮೂರು ದಿನ ಬಿಟ್ಟು, ಕೋಶಗಳ ಹೊಳಪನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್‌ನಲ್ಲಿ ಎಣಿಸಿದರಾಯಿತು. ನನಗೆ ತುಂಬ ಇಷ್ಟವಾದ ವಿವರ ಇನ್ನೊಂದಿದೆ: ಹೀಗೆ ತಿದ್ದಿದಾಗ ಐ-ಎಸ್‌ಸಿಇ-ಒನ್ ಜಾಗ ಹೋಗಿ ಅಲ್ಲಿ ಬಿಸಿಜಿ-ಒನ್ ಕಿಣ್ವದ ಜಾಗ ಬರುತ್ತದೆ. ಪಿಸಿಆರ್‌ನಿಂದ ಆ ಭಾಗದ ಪ್ರತಿಗಳನ್ನು ಹೆಚ್ಚಿಸಿ ಬಿಸಿಜಿ-ಒನ್‌ನಿಂದ ಕತ್ತರಿಸಿದರೆ, ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೂ ಸಾಕ್ಷಿ ಸಿಗುತ್ತದೆ.

ಪರೀಕ್ಷೆಯಲ್ಲಿ ಜಾಸ್ತಿ ಎಡವುವುದು ಫಲಿತಾಂಶ ಓದುವಾಗ. ಒಂದು ಜೀನ್‌ನ ಕೆಲಸ ತಗ್ಗಿಸಿದಾಗ ಹಸಿರು ಕೋಶಗಳು ಕಡಿಮೆಯಾದವು ಅಂದುಕೊಳ್ಳಿ. ಆ ಜೀನ್ ರಿಪೇರಿಗೇ ಬೇಕು ಅಂತ ತಕ್ಷಣ ಬರೆಯಬೇಡಿ. ಕಿಣ್ವದ ಜೀನ್ ಹೊತ್ತು ಕೋಶದೊಳಗೆ ಹೋಗಬೇಕಾದ ಪ್ಲಾಸ್ಮಿಡ್ (ಪುಟ್ಟ ಡಿಎನ್‌ಎ ಉಂಗುರ) ಸರಿಯಾಗಿ ಹೋಗದೆ ಇದ್ದಿರಬಹುದು. ಕೋಶಗಳು ಡಿಎನ್‌ಎ ಪ್ರತಿ ಮಾಡುವುದಕ್ಕೂ ಮುಂಚಿನ ಜಿ1 ಹಂತದಲ್ಲೇ ನಿಂತಿರಬಹುದು. ರಿಕಾಂಬಿನೇಶನ್ ನಡೆಯುವುದು ಹೆಚ್ಚಾಗಿ ಡಿಎನ್‌ಎ ಪ್ರತಿಯಾಗುವ ಎಸ್ ಹಂತ ಮತ್ತು ಅದರ ನಂತರದ ಜಿ2ನಲ್ಲಿ. ಆದ್ದರಿಂದ ಮಾಮೂಲಿ ಜಿಎಫ್‌ಪಿ ಪ್ಲಾಸ್ಮಿಡ್ ಹಾಕಿದ ಕಂಟ್ರೋಲ್ ಮತ್ತು ಕೋಶಚಕ್ರದ ಪರೀಕ್ಷೆ ಎರಡೂ ಬೇಕೇ ಬೇಕು. ತುದಿಗಳು ನೇರವಾಗಿ ಸೇರಿಕೊಂಡ ಕೋಶಗಳು ಇಲ್ಲಿ ಹಸಿರಾಗುವುದೇ ಇಲ್ಲ, ಅದಕ್ಕೆ ಇಜೆ5-ಜಿಎಫ್‌ಪಿಯಂಥ ಬೇರೆ ರಿಪೋರ್ಟರ್ ಇದೆ.

ಜೊತೆಗೆ ವಿಕಿರಣ ಕೊಟ್ಟ ಕೋಶಗಳಲ್ಲಿ ರಿಪೇರಿಯ ಪ್ರೋಟೀನ್‌ಗಳು ಗುಂಪುಗೂಡಿ ಮೈಕ್ರೋಸ್ಕೋಪಿನಲ್ಲಿ ಕಾಣುವ ಚುಕ್ಕೆಗಳನ್ನೂ ನೋಡುತ್ತಾರೆ. ಗಾಮಾ-ಎಚ್2ಎಎಕ್ಸ್ ಚುಕ್ಕೆ ಇದ್ದರೆ ಅಲ್ಲಿ ಡಿಎನ್‌ಎ ತುಂಡಾಗಿರುವ ಸೂಚನೆ. ರಿಕಾಂಬಿನೇಶನ್ ನಡೆಸುವ ರಾಡ್51 ಪ್ರೋಟೀನ್‌ನ ಚುಕ್ಕೆ ಬಂದರೆ ರಿಕಾಂಬಿನೇಶನ್ ಶುರುವಾಗಿದೆ ಅಂತ, ಮುಗಿದಿದೆ ಅಂತಲ್ಲ. ರಾಡ್51ನ್ನು ತುಂಡಾದ ಜಾಗಕ್ಕೆ ತರುವ ಬಿಆರ್‌ಸಿಎ2 ಜೀನ್ ಕೆಟ್ಟ ಕೋಶಗಳಲ್ಲಿ ಗಾಮಾ-ಎಚ್2ಎಎಕ್ಸ್ ಚುಕ್ಕೆ ಬರುತ್ತದೆ, ರಾಡ್51 ಚುಕ್ಕೆ ಸರಿಯಾಗಿ ಬರುವುದಿಲ್ಲ, ಡಿಆರ್-ಜಿಎಫ್‌ಪಿಯ ಹಸಿರೂ ಇಳಿಯುತ್ತದೆ. ಮೂರೂ ಹೀಗೆ ಹೊಂದಿಕೊಂಡರೆ ದೋಷ ರಿಕಾಂಬಿನೇಶನ್‌ನಲ್ಲೇ ಇದೆ ಅಂತ ಧೈರ್ಯವಾಗಿ ಬರೆಯಬಹುದು.