ಮಾಟುಂಗದಲ್ಲಿ ಈಗ ಯಾರಿದ್ದಾರೆ?

ಭಾನುವಾರ ಬೆಳಿಗ್ಗೆ ಮುಂಬೈನ ಮಾಟುಂಗ ಸ್ಟೇಷನ್ನಿನಿಂದ ಪೂರ್ವದ ಕಡೆ ಹೊರಬಿದ್ದರೆ ಮೊದಲು ಎದುರಾಗುವುದು ಮಲ್ಲಿಗೆಯ ಘಮ. ರಸ್ತೆ ಬದಿಯಲ್ಲಿ ಬಾಳೆಎಲೆ, ಬಾಳೆದಿಂಡು, ಎಳೆ ನುಗ್ಗೆಕಾಯಿ. ಇನ್ನೊಂದಿಷ್ಟು ದೂರ ಹೋದರೆ ಕಾಫಿಪುಡಿ ಅಂಗಡಿ. ಕಿಂಗ್ಸ್ ಸರ್ಕಲ್ ಹತ್ತಿರದ ಕೆಫೆ ಮದ್ರಾಸ್ ಮುಂದೆ ಆಗಲೇ ಜನ ಹೆಸರು ಬರೆಸಿ ಕಾಯುತ್ತಿರುತ್ತಾರೆ. ಸುಮ್ನೆ ಆ ಗುಂಪಿನ ಮಾತಿಗೆ ಕಿವಿಗೊಡಿ. ಗುಜರಾತಿ, ಕಚ್ಛಿ, ಮರಾಠಿ, ಹಿಂದಿ. ತಮಿಳು ಆಗೊಮ್ಮೆ ಈಗೊಮ್ಮೆ. ನಮ್ಮ ಕಡೆಯ ಮಾತು ಬೇಕೆಂದರೆ ಗಲ್ಲಾಪೆಟ್ಟಿಗೆ ಹತ್ತಿರ ಹೋಗಬೇಕು.

ಒಂದು ಕಾಲಕ್ಕೆ ಮುಂಬೈನ 'ಮದ್ರಾಸಿಗಳ ಊರು' ಎಂದೇ ಹೆಸರಾಗಿದ್ದ ಬಡಾವಣೆ ಇದು. ಆ ಜನ ಎಲ್ಲಿ ಹೋದರು? ಅವರು ಹೋದ ಮೇಲೂ ಅವರ ಅಂಗಡಿಗಳು ಹೇಗೆ ಉಳಿದವು?

ಮಾಟುಂಗ ಹುಟ್ಟಿದ್ದು ಪ್ಲೇಗಿನಿಂದ. 1896ರಲ್ಲಿ ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ, ಅಂದರೆ ಒಂದೊಂದೇ ಕೋಣೆಯ ವಠಾರಗಳಲ್ಲಿ, ಜನ ಸಾಯತೊಡಗಿದರು. 1898ರಲ್ಲಿ ಸರಕಾರ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿತು. ಊರನ್ನು ಉತ್ತರಕ್ಕೆ ಹಿಗ್ಗಿಸಬೇಕು, ದಾದರ್, ಮಾಟುಂಗ, ಸಯಾನ್ ಕಡೆಯ ಗದ್ದೆ ತೋಟಗಳನ್ನು ಬಡಾವಣೆ ಮಾಡಬೇಕು ಎಂಬುದು ಅದರ ಯೋಜನೆ. ಅದೇ 1898ರಲ್ಲಿ ಪ್ಲೇಗ್ ಬೆಂಗಳೂರಿಗೂ ಬಂತು. ನಮ್ಮ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದೂ ಆ ಭಯದಲ್ಲೇ ಅಲ್ವಾ. ಮಾಟುಂಗದ ಅಗಲ ರಸ್ತೆ, ಸಾಲುಮರ, ದುಂಡನೆಯ ಉದ್ಯಾನ ನೋಡಿದಾಗ ನನಗೆ ಮಲ್ಲೇಶ್ವರ ನೆನಪಾಗುವುದು ಅದಕ್ಕೇ.

ಆದರೆ ಮಲ್ಲೇಶ್ವರದಲ್ಲಿ ಎದ್ದದ್ದು ಕಾಂಪೌಂಡ್ ಇರುವ ಮನೆಗಳು. ಮಾಟುಂಗದಲ್ಲಿ ಎದ್ದದ್ದು ಮೂರು ನಾಲ್ಕು ಮಹಡಿಯ ಫ್ಲಾಟುಗಳು. ಚಾಳಿನಲ್ಲಿ ಕಕ್ಕಸು ಎಲ್ಲರಿಗೂ ಸೇರಿ ಹೊರಗಿರುತ್ತಿತ್ತು. ಹೊಸ ಫ್ಲಾಟಿನಲ್ಲಿ ಅದು ಮನೆಯೊಳಗೇ ಬಂತು. ಮಡಿ ಮೈಲಿಗೆ ಪಾಲಿಸುವ ಬ್ರಾಹ್ಮಣ ಕುಟುಂಬಗಳಿಗೆ ಇದು ದೊಡ್ಡ ಕಸಿವಿಸಿ. ಅಡುಗೆಮನೆ, ದೇವರ ಗೂಡು ಇರುವ ಸೂರಿನಡಿಯೇ ಕಕ್ಕಸೇ? ಕೊನೆಗೆ ಅನುಕೂಲವೇ ಗೆದ್ದಿತು. ಇಂದು ಇಡೀ ದೇಶ ಬದುಕುತ್ತಿರುವ ಫ್ಲಾಟ್ ಜೀವನಕ್ಕೆ ಮಧ್ಯಮ ವರ್ಗ ಒಗ್ಗಿಕೊಂಡದ್ದು ಇಂಥ ಬಡಾವಣೆಗಳಲ್ಲಿ.

ಬಂದವರಲ್ಲಿ ಹೆಚ್ಚಿನವರು ತಮಿಳು ಗುಮಾಸ್ತರು. ಇಂಗ್ಲಿಷ್ ಗೊತ್ತು, ಟೈಪಿಂಗ್, ಶಾರ್ಟ್‌ಹ್ಯಾಂಡ್ ಗೊತ್ತು. 1915ರಲ್ಲಿ ಮಾಟುಂಗದಲ್ಲೇ ರೈಲ್ವೆ ವರ್ಕ್‌ಶಾಪ್ ಶುರುವಾಗಿತ್ತು. ದಕ್ಷಿಣ ಮುಂಬೈನ ಫೋರ್ಟ್‌ನ ಆಫೀಸುಗಳಿಗೆ ಹೋಗಲು ನೇರ ರೈಲಿತ್ತು. 1932ರಲ್ಲಿ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿ ಹುಟ್ಟಿತು. ಆ ಹೆಸರನ್ನೇ ನೋಡಿ. ಊರಲ್ಲಿ ಅವರು ತಂಜಾವೂರಿನವರು, ಪಾಲಕ್ಕಾಡಿನವರು. ಮುಂಬೈನವರ ಕಣ್ಣಿಗೆ ಎಲ್ಲರೂ ಮದ್ರಾಸಿಗಳೇ. 'ಸೌತ್ ಇಂಡಿಯನ್' ಎಂಬ ಗುರುತು ಗಟ್ಟಿಯಾದದ್ದು ದಕ್ಷಿಣದಲ್ಲಿ ಅಲ್ಲ, ಇಲ್ಲಿ.

ಕನ್ನಡದವರೂ ಬಂದರು. 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. ಮಾಟುಂಗದ ಭಾವುದಾಜಿ ರಸ್ತೆಯಲ್ಲಿ ಅದು ಇಂದಿಗೂ ಇದೆ. ಆದರೆ ಕನ್ನಡ ಕರಾವಳಿಯ ಹುಡುಗರು ಬಂದ ದಾರಿ ಬೇರೆ. ಅವರು ಬಂದದ್ದು ಹೋಟೆಲಿನ ಹಿಂಬಾಗಿಲಿನಿಂದ. ಲೋಟ ತೊಳೆದರು, ಹಿಟ್ಟು ರುಬ್ಬಿದರು. ಕೆಲಸ ಮುಗಿದ ಮೇಲೆ ಅದೇ ಹೋಟೆಲಿನ ಬೆಂಚಿನ ಮೇಲೆ ಚಾಪೆ ಹಾಸಿ ಮಲಗಿದರು. ಮುಂಬೈನ ಕನ್ನಡ ರಾತ್ರಿಶಾಲೆಗಳಲ್ಲಿ ತೂಕಡಿಸುತ್ತಾ ಅಕ್ಷರ ಕಲಿತು ಮುಂದೆ ಬಂದವರು ಎಷ್ಟೋ ಮಂದಿ. ಉಡುಪಿ ಕಡೆಯಿಂದ ಬಂದು ಅಡುಗೆಮನೆಯಲ್ಲಿ ದುಡಿದ ಎ. ರಾಮ ನಾಯಕ್ 1942ರಲ್ಲಿ ಸ್ಟೇಷನ್ ಪಕ್ಕದ ಕಟ್ಟಡದ ಮಹಡಿಯಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಒಂಟಿ ಗುಮಾಸ್ತರಿಗೆ ಅಲ್ಲಿ ಮನೆಯೂಟ ಸಿಕ್ಕಿತು.

ಮಾಟುಂಗದ ಇತಿಹಾಸ ಹೇಳುವವರು ಫ್ಲಾಟಿನಲ್ಲಿದ್ದವರ ಬಗ್ಗೆ ಜಾಸ್ತಿ ಹೇಳುತ್ತಾರೆ. ಆ ಬೆಂಚಿನ ಮೇಲೆ ಮಲಗಿದವರ ಬಗ್ಗೆ ಕಡಿಮೆ. ನನಗೆ ಇದು ಸಂಕಟದ ವಿಷಯ. ಬಡಾವಣೆಗೆ ರುಚಿ ಕೊಟ್ಟವರಿಗೆ ಅಲ್ಲಿ ಒಂದು ಬಾಗಿಲು ಇರಲಿಲ್ಲ.

1947ರ ಬಾಂಬೆ ಬಾಡಿಗೆ ಕಾಯ್ದೆ ಇಡೀ ಕಥೆಯನ್ನು ತಿರುಗಿಸಿತು. 1940ರಲ್ಲಿದ್ದ ಬಾಡಿಗೆಗೆ ಅದು ಬೀಗ ಹಾಕಿತು. ಯುದ್ಧಕಾಲದ ಬೆಲೆಯೇರಿಕೆಯಿಂದ ಬಾಡಿಗೆದಾರರನ್ನು ಉಳಿಸಲು ಬಂದ ನಿಯಮ ದಶಕಗಟ್ಟಲೆ ಮುಂದುವರಿಯಿತು. ಬಾಡಿಗೆ ಕೈಗೆಟುಕುವಂತೆ ಉಳಿದದ್ದರಿಂದ ತಮಿಳು ಕುಟುಂಬಗಳು ಎರಡು ಮೂರು ತಲೆಮಾರು ಅದೇ ಮನೆಗಳಲ್ಲಿ ಉಳಿದವು. ಮಾಲೀಕರಿಗೆ ರಿಪೇರಿ ಮಾಡಿಸುವ ಮನಸ್ಸೇ ಉಳಿಯಲಿಲ್ಲ. ಮನೆ ಬಿಡುವಾಗ ಹೊಸ ಬಾಡಿಗೆದಾರ ಕೊಡುವ ದೊಡ್ಡ ಮೊತ್ತದ 'ಪಗಡಿ' ಹಳೆ ಬಾಡಿಗೆದಾರನಿಗೂ ಮಾಲೀಕನಿಗೂ ಹಂಚಿಕೆಯಾಗುತ್ತಿತ್ತು. ಮಕ್ಕಳು ದೊಡ್ಡವರಾಗಿ ಜಾಗ ಸಾಲದಾದಾಗ ಆ ಹಣದಲ್ಲಿ ಚೆಂಬೂರು, ಮುಲುಂಡ್, ಡೊಂಬಿವಲಿಯಲ್ಲಿ ಸ್ವಂತ ಮನೆ ಸಿಗುತ್ತಿತ್ತು. ಯಾರು ತಾನೇ ಬೇಡ ಅಂದಾರು? ಮುಂದಿನ ತಲೆಮಾರು ಅಮೆರಿಕ, ಬೆಂಗಳೂರು ಎಂದು ಚದುರಿತು.

ರಾಜಕೀಯದ ಬಿಸಿಯೂ ತಟ್ಟಿತ್ತು. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಸಿಟ್ಟು ದಕ್ಷಿಣದವರ ಮೇಲೆ. ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದವು. ಆದರೂ ಜನ ಮಾಟುಂಗ ಬಿಟ್ಟದ್ದಕ್ಕೆ ಮುಖ್ಯ ಕಾರಣ ಭಯವಲ್ಲ, ಜಾಗ ಮತ್ತು ದುಡ್ಡು ಎಂದೇ ನನ್ನ ಅನಿಸಿಕೆ.

ಖಾಲಿಯಾದ ಮನೆಗಳಿಗೆ ಬಂದವರು ಕಚ್ಛಿ, ಗುಜರಾತಿ ವ್ಯಾಪಾರಿಗಳು. ಜೈನರು ಬಹಳ. ಅವರೇನೂ ಹೊಸಬರಲ್ಲ. ಇಲ್ಲಿನ ಒಂದು ಮುಖ್ಯ ರಸ್ತೆಗೆ ಲಖಮ್ಸಿ ನಪ್ಪೂ ಎಂಬ ಕಚ್ಛಿ ಹೆಸರೇ ಇದೆ. ಸಸ್ಯಾಹಾರಿ ಬೀದಿ, ಹತ್ತಿರದ ಬಸದಿ, ಒಳ್ಳೆಯ ಶಾಲೆ ಕಾಲೇಜು, ಎಲ್ಲವೂ ಅವರಿಗೆ ಹಿಡಿಸಿತು. ಇಡ್ಲಿ ದೋಸೆಯೂ ಹಿಡಿಸಿತು. ಹೋಟೆಲುಗಳು ಉಳಿದ ಗುಟ್ಟು ಇದೇ. ಬಂದವರು ಮಾಂಸ ತಿನ್ನುವವರಾಗಿದ್ದರೆ ಬೀದಿ ಬೇರೆ ಥರ ಆಗುತ್ತಿತ್ತೇನೋ. ಜೊತೆಗೆ ರುಯಿಯಾ, ಪೋದಾರ್, ಖಾಲ್ಸಾ ಕಾಲೇಜು, ಎಂಜಿನಿಯರಿಂಗ್ ಕಾಲೇಜು ವಿಜೆಟಿಐ, ಇವುಗಳ ಹುಡುಗ ಹುಡುಗಿಯರ ದಂಡು. ಮಧ್ಯಾಹ್ನದ ಹೊತ್ತು ಆ ಬೀದಿಗಳಿಗೆ ಇಪ್ಪತ್ತು ವರ್ಷದ ಪ್ರಾಯ.

ಹೋದವರು ಪೂರ್ತಿ ಹೋಗಲೂ ಇಲ್ಲ. ಹಬ್ಬದ ಹಿಂದಿನ ದಿನ ಡೊಂಬಿವಲಿಯಿಂದ ಲೋಕಲ್ ಹಿಡಿದು ಬಂದು ಹೂವು, ಎಲೆ, ಕಾಫಿಪುಡಿ ಒಯ್ಯುತ್ತಾರೆ. ಷಣ್ಮುಖಾನಂದ ಸಭಾಂಗಣದಲ್ಲಿ ಸಂಗೀತ ಕಛೇರಿ ಇದ್ದರೆ ರೇಷ್ಮೆ ಸೀರೆಗಳ ಸಾಲು ಮತ್ತೆ ಕಾಣುತ್ತದೆ. 1990ರಲ್ಲಿ ಬೆಂಕಿಗೆ ಸಿಕ್ಕ ಆ ಸಭಾಂಗಣವನ್ನು ಮತ್ತೆ ಕಟ್ಟಿ 1998ರಲ್ಲಿ ತೆರೆದರು.

ಈಗ ಹಳೆಯ ಕಟ್ಟಡಗಳೇ ಒಂದೊಂದಾಗಿ ಉರುಳುತ್ತಿವೆ. ಪುನರ್‌ನಿರ್ಮಾಣದ ಹೆಸರಿನಲ್ಲಿ ಟವರುಗಳು ಏಳುತ್ತಿವೆ. ಕೆಳಗೆ ಹಲವು ಮಹಡಿ ಕಾರುಗಳು, ಅದರ ಮೇಲೆ ಮನೆಗಳು. ದುಂಡನೆಯ ಬಾಲ್ಕನಿಯಲ್ಲಿ ನಿಂತು ಬೀದಿಯ ತರಕಾರಿಯವನನ್ನು ಕೂಗುತ್ತಿದ್ದ ಕಾಲವಿತ್ತು. ಕಾರಿನ ಮಹಡಿಗಳ ಮೇಲಿಂದ ಅದು ಹೇಗೆ ಸಾಧ್ಯ?

ಹೋಟೆಲಿನ ಅಡುಗೆಮನೆಯೂ ಬದಲಾಗಿದೆ. ಕುಂದಾಪುರ, ಕಾರ್ಕಳದ ಹುಡುಗರು ಈಗ ಲೋಟ ತೊಳೆಯಲು ಬರುವುದಿಲ್ಲ. ಬರಬೇಕಾದ ದರ್ದೂ ಇಲ್ಲ, ಒಳ್ಳೆಯದೇ ಆಯಿತು. ಎಲೆಗೆ ಸಾರು ಬಡಿಸುವವನನ್ನು ಊರು ಯಾವುದು ಎಂದು ಹಿಂದಿಯಲ್ಲಿ ಕೇಳಿದರೆ ಜಾರ್ಖಂಡ್ ಎನ್ನುತ್ತಾನೆ. ರಾತ್ರಿ ಎಲ್ಲಿ ಮಲಗುತ್ತೀಯ ಎಂದರೆ ಮಾತಾಡದೆ ಮೇಲಿನ ಅಟ್ಟದ ಕಡೆ ಸೌಟು ತೋರಿಸುತ್ತಾನೆ.